ಊರ ಮಾತಿಗೆ ರಾಗಿ ಅಳೆಯುವಾಕೆ

ಆಷಾಢದ ಗಾಳಿ ತಾಳಮಲೆಯ ಕಡೆಯಿಂದ ಬೀಸುತ್ತಿದೆ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಾರೆಪುರದ ಮಾರಿಗುಡಿಯ ಹಿಂದೆ, ಗರಸು ಮಣ್ಣಿನ ಗಟ್ಟಿ ನೆಲದಲ್ಲಿ, ಒಂದು ಚಪ್ಪಡಿಕಲ್ಲನ್ನು ನಿನ್ನೆ ಸಂಜೆಯೇ ಸರಿಸಿ ಹಾಗೇ ಬಿಟ್ಟಿದ್ದಾರೆ. ಅದರ ಅಡಿಯಲ್ಲಿ, ನೆಲದೊಳಗೆ ರಾಗಿ ತುಂಬಿಡುವ ಹಗೇವಿಗೆ, ಒಬ್ಬರು ಮೈ ಕುಗ್ಗಿಸಿ ಇಳಿಯುವಷ್ಟೇ ಅಗಲದ ಬಾಯಿ ಇದೆ. ಹತ್ತಿರ ಹೋದವರ ಮುಖಕ್ಕೆ ಬಿಸಿಯಾದ, ಹುಳಿ ಬೆರೆತ ಗಾಳಿ ಹೊಡೆಯುತ್ತದೆ. ಚಿಕ್ಕಲಕ್ಷ್ಮಮ್ಮ ಹಗ್ಗದ ತುದಿಗೆ ಬುಡ್ಡಿದೀಪ ಕಟ್ಟಿ ನಿಧಾನವಾಗಿ ಒಳಗೆ ಇಳಿಬಿಡುತ್ತಾರೆ. ಹಗೇವಿನ ಕುತ್ತಿಗೆ ದಾಟುತ್ತಿದ್ದಂತೆ ದೀಪ ಸಣ್ಣಗಾಗಿ ಆರಿಹೋಗುತ್ತದೆ.

ಆಕೆ ಹಗ್ಗ ಮೇಲಕ್ಕೆಳೆದು, ಬೇವಿನ ಸೊಪ್ಪಿನ ಕಂತೆಯೊಂದನ್ನು ಬಾಯಿಯೊಳಗೆ ಇಳಿಸಿ, ನೀರು ಸೇದುವವರಂತೆ ಮೇಲೆ ಕೆಳಗೆ ಆಡಿಸುತ್ತಾರೆ. ಕೆಟ್ಟ ಗಾಳಿ ಹೊರಗೆ ಬರಬೇಕು. ಮತ್ತೆ ದೀಪ ಹಚ್ಚಿ ಬಿಡುತ್ತಾರೆ, ಮತ್ತೆ ಆರುತ್ತದೆ. ಸೊಂಟದ ಹಗ್ಗ ಹಿಡಿದು ಕುಳಿತ ಗಂಡ ನಂಜಯ್ಯನಿಗೆ ತಾಳ್ಮೆ ಕಡಿಮೆ.

"ಇಳಿತೀಯೋ, ಇಲ್ಲ ದೀಪದ್ ಜೊತ ಮಾತಾಡ್ಕಂಡು ಇಲ್ಲೇ ಸಂಸಾರ ಮಾಡ್ತೀಯೋ?"

"ಆತುರ ಇದ್ರ ನೀನೇ ಇಳಿಯಪ್ಪ. ಉಬ್ಸದೋನು ಒಳಗೇ ಒರಗ್ಬುಟ್ರ ರಾಗಿ ಜೊತ ನಿನ್ನೂ ಕೊಳಗ್ದಲ್ಲಿ ಅಳ್ದು ಮ್ಯಾಕ್ಕ ಕಳಿಸ್ತೀನಿ."

ಸುತ್ತ ನಿಂತವರು ನಗುತ್ತಾರೆ. ಮೂರನೆಯ ಸಲ ದೀಪ ತಳ ಮುಟ್ಟಿಯೂ ಉರಿಯುತ್ತದೆ. ಚಿಕ್ಕಲಕ್ಷ್ಮಮ್ಮ ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಬಾಯಿಯೊಳಗೆ ಕಾಲು ಬಿಡುತ್ತಾರೆ. ಮೊದಲು ಮೈ, ಆಮೇಲೆ ತಲೆ, ಕೊನೆಗೆ ಹಗ್ಗ ಹಿಡಿದ ಕೈ ಮರೆಯಾಗುತ್ತದೆ. ಸ್ವಲ್ಪ ಹೊತ್ತಿಗೆ ನೆಲದೊಳಗಿನಿಂದ ಧ್ವನಿ ಬರುತ್ತದೆ: "ಕುಕ್ಕ ಬುಡಿ." ಮೇಲಿನವರು ಹಗ್ಗ ಕಟ್ಟಿದ ಬಿದಿರ ಕುಕ್ಕೆಯನ್ನು ಇಳಿಬಿಡುತ್ತಾರೆ.

ಇದು ಪ್ರತಿ ಆಷಾಢದ ಕೆಲಸ. ಆದರೆ ಈ ವರ್ಷ ಬಂದಿರುವ ಜನ ಹೆಚ್ಚು. ಎಂಟು ವರ್ಷಗಳ ನಂತರ ಊರು ತನ್ನ ಕೆಲಸಕ್ಕೆ, ಕೂಲಿಯ ಬದಲು ಬಿದಿರಿನ ಸೀಳು ಕೊಡಲು ಹೊರಟಿದೆ. ಯಾರಾದರೂ ಕೈ ಒಡ್ಡುತ್ತಾರೋ ಇಲ್ಲವೋ ಎಂಬುದು ಇನ್ನು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗಲಿದೆ. ಕಳೆದ ಸಲ ಸೀಳು ಕೊಟ್ಟದ್ದು ಚಿಕ್ಕಲಕ್ಷ್ಮಮ್ಮನವರ ಕೈ. ಅದಕ್ಕೆ ರಾಗಿ ಅಳೆದದ್ದೂ ಅದೇ ಕೈ. ಅಂದು ಆಕೆ ಯಾರಿಗೆ ಅಳೆದರು ಎಂಬುದನ್ನು ಈ ಊರು ಮರೆತಿಲ್ಲ.

ದೊಡ್ಡಗಾಜನೂರಿನ ದಾರಿ ಬಿಟ್ಟು ಒಳಕ್ಕೆ ನಡೆದರೆ ಸಿಗುವ ಊರು ಕಾರೆಪುರ. ಕೊಯಮತ್ತೂರು ಜಿಲ್ಲೆಯಲ್ಲಿದ್ದ ಊರು ಕೆಲವು ವರ್ಷಗಳಿಂದ ಪೆರಿಯಾರ್ ಜಿಲ್ಲೆಯಲ್ಲಿದೆ. ಊರು ಮಾತ್ರ ಇದ್ದಲ್ಲೇ ಇದೆ. ಇಲ್ಲಿ ಸರ್ಕಾರಕ್ಕೆ ಕಟ್ಟುವುದು ವರಿ, ಊರಿಗೆ ಕಟ್ಟುವುದು ವಂತಿಗೆ. ವರಿ ರೂಪಾಯಿಯಲ್ಲಿ, ವಂತಿಗೆ ರಾಗಿಯಲ್ಲಿ. ಸುಗ್ಗಿ ಮುಗಿದ ಮೇಲೆ ಜೋಡೆತ್ತು ಇರುವವರು ಒಂದು ಕೊಳಗ, ಎತ್ತಿಲ್ಲದವರು ಒಂದು ಮೊರ ರಾಗಿ ತಂದು ಮಾರಿಗುಡಿಯ ಹಿಂದಿನ ಹಗೇವಿಗೆ ಸುರಿಯುತ್ತಾರೆ. ಒಳಗೋಡೆಗೆ ಹುಲ್ಲು ಒತ್ತಿ, ರಾಗಿ ತುಂಬಿ, ಚಪ್ಪಡಿ ಎಳೆದು, ಸಗಣಿ ಮಣ್ಣು ಮೆತ್ತಿದರೆ ಆಯಿತು. ಊರಿನ ಖಜಾನೆ ಮುಂದಿನ ಆಷಾಢದ ತನಕ ನೆಲದಡಿಯಲ್ಲಿ ಮಲಗುತ್ತದೆ.

ನಡುವೆ ತೆರೆಯುವಂತಿಲ್ಲ. ಮುಚ್ಚಿದ ಗಾಳಿಯಲ್ಲಿ ಹುಳ ಬದುಕುವುದಿಲ್ಲ, ಅದಕ್ಕೇ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಒಮ್ಮೆ ಬಾಯಿ ತೆರೆದು ಹೊಸ ಗಾಳಿ ಹೋಯಿತೆಂದರೆ ಎಲ್ಲವನ್ನೂ ಹೊರಗೆ ತೆಗೆಯಲೇಬೇಕು. ಆದ್ದರಿಂದ ವರ್ಷಕ್ಕೆ ಒಂದೇ ಸಲ, ಮನೆಗಳ ಗುಡಾಣ ಖಾಲಿಯಾಗುವ ಈ ತಿಂಗಳಲ್ಲಿ, ಊರು ತನ್ನ ರಾಗಿಯನ್ನು ಹೊರಗೆ ತಂದು ಸಾಲ ಕೊಡುತ್ತದೆ. ಸುಗ್ಗಿಯಲ್ಲಿ ಅದು ಬಡ್ಡಿ ಸೇರಿಸಿಕೊಂಡು ಮರಳುತ್ತದೆ.

ಹಗೇವು ಕಾಯುವ ಕೆಲಸ ನಂಜಯ್ಯನ ಮನೆತನದ್ದು. ಹದಿನೈದು ವರ್ಷಗಳ ಹಿಂದೆ ಅವರಿಗೆ ಉಬ್ಬಸ ಹೆಚ್ಚಾಗಿ ಒಳಗೆ ಇಳಿಯಲು ಆಗದೆ ಹೋದಾಗ ಚಿಕ್ಕಲಕ್ಷ್ಮಮ್ಮ ಇಳಿದರು. ಹೆಂಗಸು ಹಗೇವಿಗೆ ಇಳಿಯಬಹುದೇ ಎಂದು ಹಿರಿಯರು ತಿಂಗಳುಗಟ್ಟಲೆ ಮಾತಾಡಿದರು. ಮುಟ್ಟಿನ ದಿನ ಬಂದರೆ ಏನು ಮಾಡುವುದು ಎಂದು ಕೇಳಿದರು. "ಬಂದ್ರ ಊರು ನಾಕು ದಿನ ಕಾದದು. ನಾನು ಊರ್ಗ ವರ್ಸ ಎಲ್ಲ ಕಾಯ್ತಿಲ್ವ?" ಎಂದು ಈಕೆ ಹೇಳಿದ್ದು ಇನ್ನೂ ಜನರ ಬಾಯಲ್ಲಿದೆ. ತಕ್ಕ ಗಂಡಸು ಸಿಗುವ ತನಕ ಇರಲಿ ಎಂದು ಒಪ್ಪಿದರು. ಇನ್ನೂ ಸಿಕ್ಕಿಲ್ಲ. "ಈಗ ಮುಟ್ಟೂ ನಿಂತದ, ತಕರಾರೂ ನಿಂತದ," ಎನ್ನುತ್ತಾರೆ ಆಕೆ.

ಸಂಬಳವೆಂದು ಏನೂ ಇಲ್ಲ. ಹಗೇವು ಖಾಲಿಯಾದ ಮೇಲೆ ತಳ ಗುಡಿಸಿದ್ದು ಆಕೆಯದು. ಹುಲ್ಲು, ಧೂಳು, ರಾಗಿ ಎಲ್ಲ ಬೆರೆತ ಆ ಗುಡಿಸಿದ್ದನ್ನು ತೂರಿ, ಕೇರಿ, ತೊಳೆದು ಒಣಗಿಸಿದರೆ ಮನೆಗೆ ಎರಡು ತಿಂಗಳ ಹಿಟ್ಟು. ಉಳಿದ ದಿನ ಬೇರೆಯವರ ಹೊಲದಲ್ಲಿ ಕಳೆ ಕೀಳುತ್ತಾರೆ.

ಸೀಳಿನ ಕಥೆ ಶುರುವಾಗುವುದು ಎಪ್ಪತ್ತೇಳರ ಕಾರ್ತೀಕದಲ್ಲಿ. ಆ ವರ್ಷದ ಮಳೆಗೆ ಊರ ಕೆರೆಯ ಏರಿ ಒಡೆಯಿತು. ಸರ್ಕಾರಕ್ಕೆ ಮನವಿ ಹೋಯಿತು; ಹಣ ಬರುವ ತನಕ ಕೆರೆ ಕಾಯುವ ಹಾಗಿರಲಿಲ್ಲ. ಏರಿ ಕಟ್ಟಲು ಮಣ್ಣು ಹೊರುವವರು ಬೇಕು, ಕೂಲಿ ಕೊಡಲು ಊರಿನ ಕೈಯಲ್ಲಿ ಕಾಸಿಲ್ಲ. ಆಗ ಯಜಮಾನ ಚಿಕ್ಕಬಸಪ್ಪನವರು ಹಿಂದಿನವರ ಕ್ರಮವೊಂದನ್ನು ನೆನಪಿಸಿದರು.

ಅಂಗೈ ಉದ್ದದ ಬಿದಿರು ತುಂಡಿನ ನಡುವೆ, ದೇವರ ಬಸವನಿಗೆ ಹಾಕುವ ಮುದ್ರೆಯನ್ನು ಕಾಯಿಸಿ ಒತ್ತುತ್ತಾರೆ. ಆಮೇಲೆ ತುಂಡನ್ನು ಉದ್ದಕ್ಕೆ ಸೀಳುತ್ತಾರೆ. ಮುದ್ರೆಯ ಅರ್ಧ ಒಂದು ಹೋಳಿನಲ್ಲಿ, ಇನ್ನರ್ಧ ಇನ್ನೊಂದರಲ್ಲಿ. ಒಂದು ದಿನ ಮಣ್ಣು ಹೊತ್ತವರಿಗೆ ಒಂದು ಹೋಳು. ಅದರ ಜೋಡಿ ಹಗೇವು ಕಾಯುವವರ ಬುಟ್ಟಿಯಲ್ಲಿ. ಆಷಾಢದಲ್ಲಿ ಹೋಳು ತಂದು ಜೋಡಿ ಸೇರಿಸಿದರೆ ಎರಡು ಸೇರು ರಾಗಿ. ಬಿದಿರು ಸೀಳುವಾಗ ನಾರು ಎಲ್ಲಿ ಹೇಗೆ ಹರಿಯುತ್ತದೆಂದು ಯಾರೂ ಹೇಳಲಾರರು, ಹಾಗಾಗಿ ಸುಳ್ಳು ಸೀಳು ಮಾಡಲು ಬರುವುದಿಲ್ಲ. ಓದು ಬಾರದವರಿಗೂ ನಂಬಬಹುದಾದ ಸಾಲಪತ್ರ ಅದು.

ಚಿಕ್ಕಲಕ್ಷ್ಮಮ್ಮ ಪ್ರತಿ ಸಂಜೆ ಏರಿಯ ಮೇಲೆ ಕುಳಿತು ಸೀಳು ಹಂಚಿದರು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಏರಿ ಎದ್ದಿತು. ಹೆಚ್ಚು ದಿನ ದುಡಿದವರಲ್ಲಿ ಪುಟ್ಟನಂಜಮ್ಮ ಒಬ್ಬರು. ಅವರೂ ಚಿಕ್ಕಲಕ್ಷ್ಮಮ್ಮನವರೂ ಒಂದೇ ವರ್ಷ ಈ ಬೀದಿಗೆ ಸೊಸೆಯರಾಗಿ ಬಂದವರು. ಕಳೆ ಕೀಳುವಾಗ ಅಕ್ಕಪಕ್ಕದ ಸಾಲು ಹಿಡಿಯುತ್ತಿದ್ದರು, ಅತ್ತೆಯರನ್ನು ಬೈಯಬೇಕೆನಿಸಿದರೆ ಒಬ್ಬರ ಅತ್ತೆಯನ್ನು ಇನ್ನೊಬ್ಬರು ಬೈದುಕೊಡುತ್ತಿದ್ದರು.

ಏರಿ ಮುಗಿದದ್ದು ಪುಷ್ಯದಲ್ಲಿ, ಹಗೇವು ತೆರೆಯುವುದು ಆಷಾಢದಲ್ಲಿ. ನಡುವಿನ ತಿಂಗಳುಗಳಲ್ಲಿ ಮನೆಗಳಿಗೆ ಕಾಸು ಬೇಕಾಯಿತು. ಪುಟ್ಟನಂಜಮ್ಮನ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಬಳೆ ತೊಡಿಸಬೇಕು, ಸೀರೆ ಕುಪ್ಪಸ ತರಬೇಕು. ಬಳೆಗಾರ ಬಿದಿರು ಸೀಳಿಗೆ ಬಳೆ ತೊಡಿಸುವುದಿಲ್ಲ. ತಾಳವಾಡಿಯಲ್ಲಿ ದವಸದ ಮಂಡಿ ಇಟ್ಟುಕೊಂಡಿದ್ದ ದೊಡ್ಡಯ್ಯ ಸೀಳುಗಳನ್ನು ಅರ್ಧ ಬೆಲೆಗೆ ಕೊಳ್ಳುತ್ತೇನೆಂದರು. ಪುಟ್ಟನಂಜಮ್ಮ ಮಾರಿದರು. ಒಬ್ಬರ ಹಿಂದೆ ಒಬ್ಬರು ಅರ್ಧ ಊರೇ ಮಾರಿತು.

ಎಪ್ಪತ್ತೆಂಟರ ಆಷಾಢ. ಹಗೇವು ತೆರೆದ ದಿನ ದೊಡ್ಡಯ್ಯನ ಗಾಡಿ ಮಾರಿಗುಡಿಯ ಮುಂದೆ ನಿಂತಿತು. ಗೋಣಿಚೀಲದ ತುಂಬ ಸೀಳು. ಆಗ ಊರಿಗೆ ಮೈ ಉರಿಯಿತು. ಮಣ್ಣು ಹೊತ್ತವರು ಯಾರು, ರಾಗಿ ಒಯ್ಯುವವರು ಯಾರು? ದೊಡ್ಡಯ್ಯ ಕೊಟ್ಟ ಕಾಸನ್ನು ಅವರಿಗೆ ತಿರುಗಿಸಿ, ರಾಗಿಯನ್ನು ದುಡಿದವರಿಗೇ ಕೊಡಿ ಎಂದರು ಹಲವರು. ಯಜಮಾನರಿಗೂ ಅದೇ ಸರಿ ಕಂಡಿತ್ತು. ಆದರೆ ಕೊಳಗ ಹಿಡಿದವರು ಅಳೆಯದೆ ಹಗೇವಿನ ರಾಗಿ ಕದಲುವುದಿಲ್ಲ. ಎಲ್ಲರೂ ಚಿಕ್ಕಲಕ್ಷ್ಮಮ್ಮನ ಕಡೆ ನೋಡಿದರು.

ಆಕೆ ಸೀಳುಗಳನ್ನು ಒಂದೊಂದಾಗಿ ಜೋಡಿಸುತ್ತ ಕುಳಿತರು. ಜೋಡಿ ಸೇರಿದ್ದಕ್ಕೆಲ್ಲ ದೊಡ್ಡಯ್ಯನ ಚೀಲಕ್ಕೆ ರಾಗಿ ಅಳೆದರು. ಸಂಜೆಗೆ ಗಾಡಿ ತುಂಬಿತು.

ಯಾಕೆ ಹಾಗೆ ಮಾಡಿದಿರಿ ಎಂದು, ಬರೆದುಕೊಳ್ಳಲು ಬಂದ ನಾನು ಕೇಳಿದರೆ ಆಕೆಯ ಬಳಿ ಉತ್ತರ ಸಿದ್ಧವಾಗಿದೆ. ಬಹಳ ಸಲ ಹೇಳಿ ಸವೆದ ಉತ್ತರ.

"ಊರು ಏಳಿದ್ದೇನು? ಸೀಳು ತಂದೋರ್ಗ ರಾಗಿ ಅಂತ. ತಂದೋನು ಕಪ್ಪಗವ್ನ, ಬೆಳ್ಳಗವ್ನ, ಮಂಡಿಯವ್ನ ಅಂತ ನೋಡ್ಕಂಡು ಅಳಿಯಾಕ್ ಆದದಾ? ದೊಡ್ಡಯ್ಯನ್ಗ ಇಲ್ಲ ಅಂದ್ಬುಟ್ರ, ನಾಳಿಕ ಯಾರ್ಗಾರೂ ಕಾಸು ಬೇಕಂದ್ರ ಆ ಬಿದ್ರುಗ ಕಾಲು ಬೆಲೆನೂ ಕೊಡೋರಿಲ್ಲ. ಒಲೆಗ ಆಕ್ಬೇಕು ಅಷ್ಟೇಯ."

ಆಮೇಲೆ ಸೇರಿಸುತ್ತಾರೆ: "ನಾ ಮಾಡಿದ್ದು ನ್ಯಾಯ. ಆದ್ರ ಚೆಂದಾಗಿರ್ನಿಲ್ಲ."

ಮಂಡಿಯ ದೊಡ್ಡಯ್ಯನವರಿಗೆ ಈಗ ವಯಸ್ಸಾಗಿದೆ. ವ್ಯಾಪಾರ ಬಿಟ್ಟು ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವರಿಗೆ ಬೇಸರವೇನೂ ಇದ್ದಂತಿಲ್ಲ. "ಕಾಸು ಕೊಟ್ಟಾಗ ನಾನು ದೇವ್ರು, ರಾಗಿ ತಕಂಡಾಗ ಕಳ್ಳ. ಆ ಎರಡೂ ನಾನಲ್ಲ. ಇಲಿ ತಿಂದಿದ್ರ, ನೀರು ನುಗ್ಗಿದ್ರ, ನನ್ ಸೀಳು ಒಲೆಗ ಆಯ್ತಿತ್ತು. ಆಗ ಯಾರಾರೂ ಬಂದು ಅಯ್ಯೋ ಪಾಪ ಅಂತಿದ್ರಾ?"

ಅವರವರ ಜಗಲಿಯ ಮೇಲೆ ಕುಳಿತು ಕೇಳಿದರೆ ಇಬ್ಬರ ಮಾತೂ ಸರಿಯೆನಿಸುತ್ತದೆ. ಮೂರನೆಯ ಜಗಲಿ ಪುಟ್ಟನಂಜಮ್ಮನದು. ಚಿಕ್ಕಲಕ್ಷ್ಮಮ್ಮನ ಮನೆಯಿಂದ ನಾಲ್ಕನೆಯ ಬಾಗಿಲು. ಎಂಟು ವರ್ಷದಿಂದ ಎರಡು ಮನೆಗಳ ನಡುವೆ ಬೆಂಕಿಯ ಕೆಂಡವೂ ಓಡಾಡಿಲ್ಲ.

"ಮಾರ್ದಿದ್ದು ನನ್ ತಪ್ಪು, ಒಪ್ಕತಿನಿ," ಎನ್ನುತ್ತಾರೆ ಪುಟ್ಟನಂಜಮ್ಮ, ಅವರೆಕಾಯಿ ಸುಲಿಯುತ್ತ. "ಮಗಳ್ ಬಳೆ ಶಾಸ್ತ್ರಕ್ಕ ಮಾರ್ದಿ. ಡೌಲು ಮಾಡುದ್ಲು ಅಂದ್ರು. ಅಂದ್ಕಳ್ಳಿ. ಬರಿಗೈಲಿ ಕಳಿಸಿದ್ರ ಆ ಕೂಸು ಗಂಡನ್ ಅಟ್ಟೀಲಿ ಏನೇನ್ ಮಾತು ಕೇಳ್ಬೇಕಾಗಿತ್ತು ಅಂತ ನಂಗೊತ್ತು, ನಾ ಕೇಳಿದ್ದಿ. ಆದ್ರ ಇದು ಏಳಿ. ದೊಡ್ಡಯ್ಯನ್ಗ ಅಳ್ದು ಅಗೇವು ಬರಿದಾಯ್ತು. ಮುಂದ್ಲ ಸುಗ್ಗೀಲಿ ವಂತಿಗೆ ಜಾಸ್ತಿ ಮಾಡಿದ್ರು. ನಾನೂ ಒತ್ಕಂಡು ಓಗಿ ಸುರುದಿ. ಮಣ್ಣೂ ನಾನೇ ಒತ್ತಿ, ಆ ಮಣ್ಣಿನ್ ರಾಗಿನೂ ನಾನೇ ಕೊಟ್ಟಿ. ಇವ್ಳ್ಗ ಅದು ಗೊತ್ತಿತ್ತು. ಸಂಜ ಬಂದು, ಪುಟ್ಟನಂಜಿ, ಇಂಗಾಗೋಯ್ತು ಕಣೆ ಅಂತ ಒಂದ್ ಮಾತು ಅಂದಿದ್ರ ಆಗ್ತಿತ್ತು. ಬರ್ನಿಲ್ಲ."

ಚಿಕ್ಕಲಕ್ಷ್ಮಮ್ಮ ಹೋಗಲಿಲ್ಲ. ಹೋದರೆ ತಪ್ಪು ಮಾಡಿದೆ ಎಂದು ಒಪ್ಪಿಕೊಂಡಂತಾಗುತ್ತದೆ ಎಂದುಕೊಂಡರಂತೆ. ಒಂದು ವಾರ ಕಳೆಯಿತು, ತಿಂಗಳು ಕಳೆಯಿತು. ಆಮೇಲೆ ಹೋಗಬೇಕೆಂದರೂ ಬಾಗಿಲ ಬಳಿ ಏನು ಮಾತು ಎತ್ತಬೇಕೆಂದು ತೋಚಲಿಲ್ಲ. ಹೆಂಗಸರ ಸ್ನೇಹ ಹೆಚ್ಚಾಗಿ ಸಾಯುವುದು ಹೀಗೆ, ಜಗಳವೇ ಇಲ್ಲದೆ.

ಊರಿಗಾದ ನಷ್ಟ ಬೇರೆ. ಸೀಳಿನ ಮಾತು ಉಳಿಸಿಕೊಂಡದ್ದರಿಂದ ತಾಳವಾಡಿಯ ಮಂಡಿಗಳಲ್ಲಿ ಕಾರೆಪುರದ ಹೆಸರಿಗೆ ಬೆಲೆ ಬಂತು. ಆದರೆ ಮಣ್ಣು ಹೊರುವವರು ಸೀಳು ಎಂದರೆ ಮುಖ ತಿರುಗಿಸಿದರು. ಸೀಳು ಕೊಳ್ಳುವವರ ನಂಬಿಕೆ ಉಳಿಯಿತು, ದುಡಿಯುವವರ ನಂಬಿಕೆ ಹೋಯಿತು. ಎಂಬತ್ತೊಂದರಲ್ಲಿ ಯಜಮಾನರು ಸಾರಿಸಿದರೂ ಒಬ್ಬರೂ ಬರಲಿಲ್ಲ. ಹಳ್ಳದಿಂದ ಕೆರೆಗೆ ನೀರು ತರುವ ಕಾಲುವೆಯಲ್ಲಿ ಹೂಳು ತುಂಬುತ್ತ ಬಂತು. ಕಷ್ಟಪಟ್ಟು ಕಟ್ಟಿದ ಏರಿಯ ಹಿಂದೆ ಈಗ ಮೊಣಕಾಲು ನೀರು.

ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದ ಶಿವಮಲ್ಲಪ್ಪ ಮೇಷ್ಟ್ರು ಇದೇ ಊರಿನವರು. ಅವರಿಗೆ ಈ ಪ್ರಸಂಗದಲ್ಲಿ ಇನ್ನೊಂದು ದೇಶ ಕಾಣುತ್ತದೆ. ಇನ್ನೂರು ವರ್ಷದ ಹಿಂದೆ ಅಮೆರಿಕದ ಹದಿಮೂರು ಸೀಮೆಗಳು ಇಂಗ್ಲೆಂಡಿನ ದೊರೆಯ ಮೇಲೆ ಯುದ್ಧ ಮಾಡಿ ಗೆದ್ದವು. ಗೆದ್ದವರ ಬೊಕ್ಕಸದಲ್ಲಿ ಕಾಸಿರಲಿಲ್ಲ. ಅಚ್ಚು ಹಾಕಿದ ನೋಟಿಗೆ ಬೆಲೆಯೇ ಉಳಿದಿರಲಿಲ್ಲ. ಸೈನಿಕರಿಗೆ ಸಂಬಳಕ್ಕೆ ಬದಲಾಗಿ ಸಾಲಪತ್ರ ಕೊಟ್ಟು ಮನೆಗೆ ಕಳಿಸಿದರು. ಮನೆಯಲ್ಲಿ ಹಸಿವಿತ್ತು. ಸೈನಿಕರು ಆ ಪತ್ರಗಳನ್ನು ಪಟ್ಟಣದ ಹಣವಂತರಿಗೆ ಸಿಕ್ಕ ಬೆಲೆಗೆ ಮಾರಿಕೊಂಡರು. ಕೆಲವು ವರ್ಷಗಳ ಮೇಲೆ ಹೊಸ ಸರ್ಕಾರ ಸಾಲ ತೀರಿಸಲು ಹೊರಟಾಗ ಸಭೆಯಲ್ಲಿ ದೊಡ್ಡ ವಾದವಾಯಿತು. ಯುದ್ಧ ಮಾಡಿದವನಿಗೆ ಕೊಡಬೇಕೋ, ಪತ್ರ ಹಿಡಿದವನಿಗೆ ಕೊಡಬೇಕೋ? ಪತ್ರ ಹಿಡಿದವನಿಗೇ ಎಂದು ತೀರ್ಮಾನವಾಯಿತು. ಸಾಲ ತೀರಿಸಲು ಹಣ ಬೇಕಲ್ಲ, ಧಾನ್ಯದಿಂದ ಸಾರಾಯಿ ಬಟ್ಟಿ ಇಳಿಸುವ ಗುಡ್ಡಗಾಡಿನ ರೈತರ ಮೇಲೂ ತೆರಿಗೆ ಬಿತ್ತು. ಅವರಲ್ಲಿ ಹಳೆಯ ಸೈನಿಕರೂ ಇದ್ದರು. ಆ ದೇಶದ ಹೆಸರಿಗೆ ಮಾತ್ರ ಲೋಕದ ಪೇಟೆಯಲ್ಲಿ ಬೆಲೆ ಬಂತು.

ಮೇಷ್ಟ್ರು ಇದನ್ನು ಚಿಕ್ಕಲಕ್ಷ್ಮಮ್ಮನಿಗೂ ಹೇಳಿದ್ದರು. ಆಕೆಗೆ ಸಮಾಧಾನವಾಗಲಿ ಎಂಬುದು ಅವರ ಉದ್ದೇಶ.

"ಅಷ್ಟು ದೊಡ್ಡ ದೇಶದೋರೂ ನಿನ್ನಂಗೇ ಮಾಡಿದ್ದು ಕಣಮ್ಮ," ಎಂದರಂತೆ.

"ಅಂಗಾರ ಆ ಸೈನಿಕ್ರ ಎಂಡ್ರು ಏನಂದ್ರಂತೆ ಮೇಷ್ಟ್ರೆ?"

"ಅದು ಪುಸ್ತಕದಲ್ಲಿಲ್ಲ."

"ಅದ್ನ ಬುಟ್ಟು ಇನ್ನೇನ್ ಬರ್ದವ್ರು!" ಎಂದು ಎದ್ದು ಹೋದರಂತೆ ಚಿಕ್ಕಲಕ್ಷ್ಮಮ್ಮ. ಮೇಷ್ಟ್ರು ಇದನ್ನು ನಗುತ್ತಲೇ ಹೇಳುತ್ತಾರೆ.

ಎಂಟು ವರ್ಷ ಆಕೆ ಒಂದೇ ಬೇಡಿಕೆಯನ್ನು ಊರ ಮುಂದೆ ಇಟ್ಟಿದ್ದಾರೆ. ದೊಡ್ಡ ಹಗೇವಿನ ಪಕ್ಕದಲ್ಲಿ ಮೂರು ಮರಿ ಹಗೇವು ತೋಡಬೇಕು. ಆಷಾಢದಲ್ಲಿ ತೆಗೆದ ರಾಗಿಯಲ್ಲಿ ಸೀಳಿನ ಪಾಲನ್ನು ಅವುಗಳಲ್ಲಿ ತುಂಬಿ ಮುಚ್ಚಬೇಕು. ಒಂದನ್ನು ತೆರೆದು ಖಾಲಿ ಮಾಡಿದರೂ ಉಳಿದೆರಡು ಕೆಡುವುದಿಲ್ಲ. ಆಗ ದುಡಿದವರು ವರ್ಷ ಕಾಯಬೇಕಿಲ್ಲ, ಅರ್ಧ ಬೆಲೆಗೆ ಮಾರಬೇಕಿಲ್ಲ. ಕೇಳಲು ಇಷ್ಟು ಸುಲಭವಾದ ಮಾತಿಗೆ ಹಿರಿಯರು ಒಪ್ಪಲಿಲ್ಲ. ಹಗೇವೆಂದರೆ ಇಲ್ಲಿ ಬರೀ ಗುಂಡಿಯಲ್ಲ. ಊರಿಗೆ ಹೊಟ್ಟೆ ಒಂದೇ ಇರಬೇಕು, ನಾಲ್ಕಾದರೆ ಊರು ನಾಲ್ಕಾಗುತ್ತದೆ ಎಂದು ಯಜಮಾನರು ಹೇಳುತ್ತಲೇ ಬಂದರು.

ಹೋದ ವರ್ಷದ ಸಭೆಯಲ್ಲಿ ಚಿಕ್ಕಲಕ್ಷ್ಮಮ್ಮ ಹಿಂದಿನ ಸಾಲಿನಿಂದಲೇ ಕೇಳಿದರು: "ಊರ್ಗ ಒಟ್ಟೆ ಒಂದೇ, ಸರಿ ಬುದ್ಧಿ. ನೀವು ವರ್ಸಕ್ಕ ಒಂದೇ ಸಲ ಉಣ್ತೀರಾ?"

ಯಜಮಾನರೇ ಮೊದಲು ನಕ್ಕರು, ಆಮೇಲೆ ಒಪ್ಪಿದರು ಎಂದು ಹೇಳುತ್ತಾರೆ. ಮರಿ ಹಗೇವುಗಳನ್ನು ಈ ಬೇಸಗೆಯಲ್ಲಿ ತೋಡಿದ್ದು ಬಹುಪಾಲು ಗಂಡ ಹೆಂಡತಿಯೇ. ಗರಸು ನೆಲಕ್ಕೆ ಹಾರೆ ಹಾಕಿದ್ದು ಆಕೆ, ಮಣ್ಣು ಎಳೆದು ಹಾಕಿದ್ದು ನಂಜಯ್ಯ, ನಡುನಡುವೆ ಉಸಿರಿಗಾಗಿ ಕುಳಿತು. ಒಳಗೆ ಮುಳ್ಳುಕಟ್ಟಿಗೆ ಉರಿಸಿ ಗೋಡೆ ಸುಟ್ಟಿದ್ದಾರೆ. ಈಗ ಮೂರೂ ಹೊಸ ಹುಲ್ಲು ಹಾಸಿಕೊಂಡು ಬಾಯಿ ತೆರೆದು ಕಾದಿವೆ.

ಸೂರ್ಯ ಮಾರಿಗುಡಿಯ ಮೇಲೆ ಬಂದಿದ್ದಾನೆ. ಕುಕ್ಕೆ ಕುಕ್ಕೆಯಾಗಿ ರಾಗಿ ಮೇಲೆ ಬಂದು ಚಾಪೆಯ ಮೇಲೆ ಗುಡ್ಡೆಯಾಗಿದೆ. ಚಿಕ್ಕಲಕ್ಷ್ಮಮ್ಮ ಮೇಲೆ ಹತ್ತಿ ಬಂದಾಗ ಹುಬ್ಬು, ರೆಪ್ಪೆ, ಮುಂಗೂದಲು ಎಲ್ಲಕ್ಕೂ ರಾಗಿಯ ಧೂಳು ಮೆತ್ತಿದೆ. ಒಂದು ಚೊಂಬು ನೀರು ಕುಡಿದು ಬಾಯಿಗೆ ಸೆರಗೊತ್ತಿ ಕೂರುತ್ತಾರೆ. ಸೀಳು ಕೊಡುವ ಮೊದಲು ಊರು ತನ್ನ ರಾಗಿಯನ್ನು ತೋರಿಸಬೇಕು, ಅದು ಪದ್ಧತಿ. ಹಗೇವಿನ ನಾಲ್ಕು ಮಗ್ಗುಲಿನಿಂದಲೂ ಒಂದೊಂದು ಕುಕ್ಕೆ ಬೇರೆ ಇಟ್ಟಿದ್ದಾರೆ. ಮುಗ್ಗಲು ವಾಸನೆ ಹಿಡಿದಿದೆಯೇ ಎಂದು ಯಾರು ಬೇಕಾದರೂ ಕಾಳು ಕಡಿದು ನೋಡಬಹುದು.

ಜನ ಕಡಿದು ನೋಡುತ್ತಾರೆ, ತಲೆ ಆಡಿಸುತ್ತಾರೆ, ಹಿಂದೆ ಸರಿದು ನಿಲ್ಲುತ್ತಾರೆ. ಮುದ್ರೆ ಒತ್ತಿದ ಬಿದಿರು ತುಂಡುಗಳು ಚಿಕ್ಕಲಕ್ಷ್ಮಮ್ಮನ ಮುಂದೆ ರಾಶಿ ಬಿದ್ದಿವೆ. ಯಜಮಾನರು ಮಾತಾಡುತ್ತಾರೆ. ಕಾರ್ತೀಕದ ಮಳೆಗೆ ಮುಂಚೆ ಕಾಲುವೆಯ ಹೂಳು ಎತ್ತದಿದ್ದರೆ ಕೆರೆ ಇದ್ದೂ ಇಲ್ಲದಂತೆ, ಕೆಲಸಕ್ಕೆ ಬರುವವರು ಮುಂದೆ ಬಂದು ಮೊದಲ ದಿನದ ಸೀಳು ಇವತ್ತೇ ಒಯ್ಯಲಿ ಎನ್ನುತ್ತಾರೆ. ಯಾರೂ ಕದಲುವುದಿಲ್ಲ. ಗಂಡಸರು ಹೆಂಗಸರನ್ನು ನೋಡುತ್ತಾರೆ,
ಹೆಂಗಸರು ಗುಂಪಿನ ಅಂಚಿನಲ್ಲಿ ಸೊಸೆಯ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಿಂತ ಪುಟ್ಟನಂಜಮ್ಮನನ್ನು ನೋಡುತ್ತಾರೆ.

ಅವರು ಮಗುವನ್ನು ಪಕ್ಕದವರ ಕೈಗೆ ಕೊಟ್ಟು ಮುಂದೆ ಬರುತ್ತಾರೆ. ಕುಕ್ಕೆಯಿಂದ ನಾಲ್ಕು ಕಾಳು ತೆಗೆದು ಹಲ್ಲಿನಡಿ ಇಡುತ್ತಾರೆ. ನಿಧಾನವಾಗಿ ಅಗಿಯುತ್ತಾರೆ.

"ಮುಗ್ಗಲು ಒಡಿತದ," ಎನ್ನುತ್ತಾರೆ, ಯಾರ ಮುಖವನ್ನೂ ನೋಡದೆ.

ಯಜಮಾನರು ಏನೋ ಹೇಳಹೋಗುತ್ತಾರೆ. ಅಷ್ಟರಲ್ಲಿ ಚಿಕ್ಕಲಕ್ಷ್ಮಮ್ಮನ ಧ್ವನಿ: "ಯಾವ್ ಕುಕ್ಕ?"

"ಇದೇಯ. ಬಡಗಲ ಮಗ್ಗಲ್ದು."

"ಬಡಗಲ ಮಗ್ಗಲ ಒದ್ದೆ ಉಲ್ಲು ಆಗ್ಲೇ ಕಿತ್ತಾಕಿವ್ನಿ. ಇನ್ನೊಂದ್ಸಲ ಕಡಿ."

ಪುಟ್ಟನಂಜಮ್ಮ ಇನ್ನೊಂದು ಸಲ ಕಡಿಯುತ್ತಾರೆ. "ಒಸಿ ಮುಗ್ಗಲೇಯ." ಆಮೇಲೆ ಮರಿ ಹಗೇವುಗಳ ಕಡೆ ಗದ್ದ ಎತ್ತಿ ತೋರಿಸುತ್ತಾರೆ. "ಅದ್ರಲ್ಲಿ ಮೊದಲ್ನೇದು ಯಾವತ್ತು ತಗ್ದೀಯ?"

"ಗೌರಿ ಅಬ್ಬಕ್ಕ."

"ಅಬ್ಬಕ್ಕ ಅಂದ್ರ? ಅಬ್ಬದ ದಿನ್ವೋ, ಮುಂಚ್ಯೋ? ಮಗಳು ಐಕಳ ಕಟ್ಕಂಡು ಬತ್ತಳ. ಅಬ್ಬದ ದಿನ ಬೆಳಿಗ್ಗೆ ನಿನ್ ಗುಂಡಿ ಮುಂದ ಬಂದು ಕುಂತ್ಕಳ್ಳದಾ ನಾನು?"

"ಎಂಟು ದಿನ ಮುಂಚೆ."

"ಯಾರ್ ಮಾತು ಇದು?"

"ಊರ ಮಾತು ಕಣಮ್ಮ," ಎನ್ನುತ್ತಾರೆ ಯಜಮಾನರು.

"ನಿಮ್ಮ ಕೇಳ್ನಿಲ್ಲ ಬುದ್ಧಿ. ಅವಳ ಕೇಳ್ದಿ."

ಗುಂಪಿನಲ್ಲಿ ಯಾರೋ ಕೆಮ್ಮುತ್ತಾರೆ. ಚಿಕ್ಕಲಕ್ಷ್ಮಮ್ಮ ತಲೆಯೆತ್ತಿ, ಎಂಟು ವರ್ಷದಲ್ಲಿ ಮೊದಲ ಸಲ, ಎದುರಿಗೆ ನಿಂತವರನ್ನು ನೇರವಾಗಿ ನೋಡುತ್ತಾರೆ.

"ನನ್ ಮಾತು."

ಪುಟ್ಟನಂಜಮ್ಮ ಕೈ ಮುಂದೆ ಚಾಚುತ್ತಾರೆ. ಚಿಕ್ಕಲಕ್ಷ್ಮಮ್ಮ ಬಿದಿರಿನ ಮೇಲೆ ಕತ್ತಿ ಇಟ್ಟು, ಕಲ್ಲಿನಿಂದ ಒಂದೇ ಪೆಟ್ಟು ಹಾಕುತ್ತಾರೆ. ಮುದ್ರೆ ಎರಡಾಗುತ್ತದೆ. ಒಂದು ಹೋಳು ಆ ಕೈಗೆ, ಒಂದು ಈ ಬುಟ್ಟಿಗೆ. ಅವರ ಹಿಂದೆ ಇನ್ನೊಬ್ಬ ಹೆಂಗಸು ಬರುತ್ತಾಳೆ, ಮತ್ತೊಬ್ಬಳು, ಆಮೇಲೆ ಗಂಡಸರು. ಬಿಸಿಲು ಏರುವಷ್ಟರಲ್ಲಿ ಬಿದಿರಿನ ರಾಶಿ ಕರಗಿದೆ.

ಎಲ್ಲರೂ ಹೋದ ಮೇಲೆ ಚಿಕ್ಕಲಕ್ಷ್ಮಮ್ಮ ಮೊದಲ ಮರಿ ಹಗೇವಿಗೆ ರಾಗಿ ಸುರಿಸುತ್ತಿದ್ದಾರೆ. ಮನಸ್ಸು ಹಗುರವಾಯಿತೇ ಎಂದು ಕೇಳುತ್ತೇನೆ. ಬಡಗಲ ಮಗ್ಗುಲಿನ ಕುಕ್ಕೆಯಿಂದ ಒಂದು ಹಿಡಿ ತೆಗೆದು ಮೂಸುತ್ತಾರೆ, ನಾಲ್ಕು ಕಾಳು ಬಾಯಿಗೆ ಹಾಕಿ ಕಡಿಯುತ್ತಾರೆ. ಇನ್ನಷ್ಟು ಕಾಳನ್ನು ನನ್ನ ಅಂಗೈಗೂ ಸುರಿಯುತ್ತಾರೆ.

"ಕಡೀರಿ. ಮುಗ್ಗಲು ಎಲ್ಲದ? ಬೇಕಂತ್ಲೆ ಅಂದ್ಲು ಅವ್ಳು. ನನ್ ಅಗೇವ್ನಲ್ಲಿ ಇವತ್ತಿನ್ಗಂಟ ಒಂದು ಕಾಳು ಮುಗ್ಗಲಾಗಿಲ್ಲ ಕಣಮ್ಮ. ಅದ ಬರ್ಕಳಿ."